ಒದೆಯುವುದು ತೋಟಾ, ನೋಯಿಸುವುದು ಸ್ಟಾಕ್

ಈ ಸಲ ಬಂದ ಪ್ರಶ್ನೆಗಳೆಲ್ಲ ರೈಫಲ್ ಒದೆತದ ಸುತ್ತಲೇ ಇವೆ. ಮೊದಲು ಕೆಲವು ಹೆಸರು ಗೊತ್ತಿರಲಿ. ನಳಿಗೆಯನ್ನು ಹೊತ್ತಿರುವ, ಕೈಯಲ್ಲಿ ಹಿಡಿದು ಭುಜಕ್ಕೆ ಕೊಡುವ ಮರದ ಅಥವಾ ಪ್ಲಾಸ್ಟಿಕ್ ಭಾಗ ಸ್ಟಾಕ್. ಅದರಲ್ಲಿ ಭುಜಕ್ಕೆ ಒತ್ತುವ ಹಿಂಭಾಗ ಬಟ್. ಅದರ ಮೇಲ್ತುದಿ ಹೀಲ್, ಕೆಳತುದಿ ಟೋ. ಕೆನ್ನೆ ಒರಗುವ ಮೇಲಂಚು ಕೋಂಬ್. ಟ್ರಿಗರ್‌ನಿಂದ ಬಟ್‌ನ ನಡುಮಧ್ಯದವರೆಗಿನ ಉದ್ದಕ್ಕೆ ‘ಲೆಂಗ್ತ್ ಆಫ್ ಪುಲ್’ ಎನ್ನುತ್ತಾರೆ, ಇಲ್ಲಿ ಬರೀ ‘ಪುಲ್’ ಎಂದು ಬರೆದಿದ್ದೇವೆ. ಕೆಳಗೆ ಹೇಳಿರುವ ಯಾವ ಅಳತೆಗೂ ಕೈ ಹಾಕುವ ಮುನ್ನ ಮ್ಯಾಗಜಿನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಬಳಿ ಇರುವ ಎರಡೂ .308 ತೋಟಾದ ರೈಫಲ್, ಎರಡರ ತೂಕವೂ 3.6 ಕಿಲೋ ಆಸುಪಾಸು. ಹೊಸದು ಹೆಗಲನ್ನು ತಳ್ಳಿದಂತಾಗುತ್ತದೆ, ಅಷ್ಟೇ. ಹಳೆಯದು ಪ್ರತಿ ಸಲ ಕೆನ್ನೆಯ ಮೂಳೆಗೆ ಬಡಿಯುತ್ತದೆ. ಒದೆತ ಒಂದೇ ಇರಬೇಕಲ್ಲವೇ?

ಉತ್ತರ: ಒದೆತದ ಮೊತ್ತ ಒಂದೇ. ಲೆಕ್ಕ ಹಾಕಿ ನೋಡಿ. 150 ಗ್ರೇನ್, ಅಂದರೆ 9.7 ಗ್ರಾಂ ಗುಂಡು ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ (ಕಿಲೋ ಲೆಕ್ಕದ ತೂಕವನ್ನು ವೇಗದಿಂದ ಗುಣಿಸಿದ್ದು) 8.3. ಅದರ ಬೆನ್ನಿಗೇ 2.9 ಗ್ರಾಂ ಮದ್ದು ಉರಿದ ಅನಿಲ ಸುಮಾರು 1,200 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಅದರ ಪಾಲು 3.5. ಒಟ್ಟು 12ಕ್ಕೆ ತುಸು ಕಡಿಮೆ. ಇದನ್ನು ರೈಫಲ್ ತೂಕ 3.6ರಿಂದ ಭಾಗಿಸಿದರೆ ಅದು ಹಿಂದಕ್ಕೆ ಬರುವ ವೇಗ ಸಿಗುತ್ತದೆ: ಸೆಕೆಂಡಿಗೆ 3.3 ಮೀಟರ್. ಶಕ್ತಿಯ ಲೆಕ್ಕದಲ್ಲಿ 20 ಜೂಲ್ ಹತ್ತಿರ. ಸ್ಟಾಕನ್ನು ಹೇಗೆ ಕೆತ್ತಿದರೂ ಈ ಅಂಕಿ ಕದಲುವುದಿಲ್ಲ. ಆ 20 ಜೂಲ್ ಮೈಮೇಲೆ ಎಲ್ಲಿ ಇಳಿಯುತ್ತದೆ, ಎಷ್ಟು ಅಗಲದಲ್ಲಿ ಇಳಿಯುತ್ತದೆ, ಎಷ್ಟು ಹೊತ್ತು ತೆಗೆದುಕೊಂಡು ಇಳಿಯುತ್ತದೆ ಎಂಬುದನ್ನು ಮಾತ್ರ ಸ್ಟಾಕ್ ತೀರ್ಮಾನಿಸುತ್ತದೆ. ನೋವು ಇರುವುದೆಲ್ಲ ಅಲ್ಲಿಯೇ.

ಹಳೆಯ ಸ್ಟಾಕ್‌ಗಳನ್ನು ನಳಿಗೆಯ ಮೇಲೆ ಕುಳಿತ ತಗ್ಗು ಸೈಟಿಗೆ ಕಣ್ಣು ಇಳಿಯಲೆಂದು ಕೆಳಕ್ಕೆ ಬಾಗಿಸಿ ಮಾಡುತ್ತಿದ್ದರು. ನಳಿಗೆಯ ನಡುರೇಖೆಯಿಂದ ಹೀಲ್ 70 ಮಿ.ಮೀ. ಕೆಳಗಿದೆ, ಬಟ್‌ನ ಎತ್ತರ 130 ಮಿ.ಮೀ. ಎಂದಿಟ್ಟುಕೊಳ್ಳಿ. ಬಲ ಹಿಂದಕ್ಕೆ ಬರುವುದು ನಳಿಗೆಯ ಗೆರೆಯಲ್ಲಿ, ಭುಜ ಅದನ್ನು ತಡೆಯುವುದು 135 ಮಿ.ಮೀ. ಕೆಳಗೆ. ನೇರ ಸ್ಟಾಕಿನಲ್ಲಿ ಹೀಲ್ 20 ಮಿ.ಮೀ. ಮಾತ್ರ ಕೆಳಗಿದ್ದರೆ ಈ ಅಂತರ 85ಕ್ಕೆ ಇಳಿಯುತ್ತದೆ. ಮೊದಲನೆಯದರಲ್ಲಿ ನಳಿಗೆಯ ಮೂತಿಯನ್ನು ಮೇಲಕ್ಕೆತ್ತುವ ತಿರುಚು ಒಂದೂವರೆ ಪಟ್ಟಿಗೂ ಹೆಚ್ಚು. ಮೂತಿ ಮೇಲೇಳುವಾಗ ಕೋಂಬ್ ಕೂಡ ಮೇಲೇಳುತ್ತದೆ. ಅದರ ಮೇಲೆ ನಿಮ್ಮ ಕೆನ್ನೆ ಇದೆ.

ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಬಾಗಿದ ಸ್ಟಾಕಿನ ಕೋಂಬ್ ಮುಂದೆ ಎತ್ತರ, ಹಿಂದೆ ತಗ್ಗು. ರೈಫಲ್ ಹಿಂದಕ್ಕೆ ಜಾರಿದಾಗ ಎತ್ತರದ ಭಾಗ ಕೆನ್ನೆಯ ಕೆಳಗೆ ಬಂದು ಬೆಣೆಯ ಹಾಗೆ ನುಗ್ಗುತ್ತದೆ. ವೆದರ್‌ಬಿ ಮಾರ್ಕ್ 5 ರೈಫಲ್‌ನ ಸ್ಟಾಕ್ ನೋಡಿದವರಿಗೆ ನೆನಪಿರಬಹುದು: ಅದರ ಎತ್ತರಿಸಿದ ಕೋಂಬ್ ಮುಂದಕ್ಕೆ ಇಳಿಜಾರಾಗಿದೆ. ನೋಡಲು ವಿಚಿತ್ರ ಅನಿಸಿದರೂ ಕೆಲಸ ಸ್ಪಷ್ಟ. ರೈಫಲ್ ಹಿಂದೆ ಬಂದಷ್ಟೂ ಕೋಂಬ್ ಕೆನ್ನೆಯಿಂದ ಕೆಳಕ್ಕೆ ಸರಿಯುತ್ತದೆ. ಇಂಥ ಎತ್ತರಿಸಿದ ಕೋಂಬಿಗೆ ಮಾಂಟೆ ಕಾರ್ಲೋ ಎನ್ನುತ್ತಾರೆ. ಹೆಸರು ಅದೇ ಇದ್ದರೂ ಕೆಲವು ತಯಾರಿಕೆಗಳಲ್ಲಿ ಇಳಿಜಾರು ಹಿಂದಕ್ಕೇ ಇರುತ್ತದೆ, ಅದರಿಂದ ಈ ಲಾಭ ಸಿಗುವುದಿಲ್ಲ. ಕೊಳ್ಳುವಾಗ ಪಕ್ಕದಿಂದ ನೋಡಿ.

ನಿಮ್ಮ ಎರಡೂ ರೈಫಲ್‌ಗಳನ್ನು ಅಳೆದು ನೋಡಿ. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ತೆಗೆದು ಬದಿಗಿಡಿ. ನಳಿಗೆ ಒರೆಸುವ ಸಲಾಕೆಗೆ ಎರಡು ಕಡೆ ಬಟ್ಟೆ ಸುತ್ತಿ ಬಿಗಿಯಾಗಿಸಿ ಹಿಂದಿನಿಂದ ತೂರಿಸಿ. ಕೋಂಬಿನ ಮೇಲೆ ಚಾಚಿಕೊಂಡಿರುವ ಸಲಾಕೆಯೇ ನಳಿಗೆಯ ನಡುರೇಖೆ. ಅಲ್ಲಿಂದ ಕೋಂಬಿನ ಮುಂತುದಿಗೆ ಎಷ್ಟು, ಹೀಲಿಗೆ ಎಷ್ಟು ಎಂದು ಸ್ಕೇಲ್ ಹಿಡಿದು ಬರೆದುಕೊಳ್ಳಿ. ನಳಿಗೆಯ ಮೇಲೆ ಪಟ್ಟಿ ಇಟ್ಟು ಅಳೆಯಬೇಡಿ; ಅದು ಮೂತಿಯ ಕಡೆಗೆ ಸಣ್ಣಗಾಗುತ್ತಾ ಹೋಗುವುದರಿಂದ ಲೆಕ್ಕ ತಪ್ಪುತ್ತದೆ. ಎರಡು ಅಳತೆಗಳ ವ್ಯತ್ಯಾಸ 12 ಮಿ.ಮೀ. ಒಳಗಿದ್ದರೆ ಸ್ಟಾಕ್ ನೇರವಾದದ್ದು. 30 ದಾಟಿದರೆ ಕೆನ್ನೆಗೆ ಪೆಟ್ಟು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯದಕ್ಕೆ ಸ್ಕೋಪ್ ಕೂಡ ಹಾಕಿಸಿದ್ದರೆ ತೊಂದರೆ ದುಪ್ಪಟ್ಟು. ಸ್ಕೋಪ್ ಎತ್ತರದಲ್ಲಿರುವುದರಿಂದ ಕೆನ್ನೆ ಕೋಂಬನ್ನು ಬಿಟ್ಟು ಮೇಲೆ ತೇಲುತ್ತದೆ, ಎದ್ದು ಬರುವ ಮರ ಆ ಸಂದಿಯಲ್ಲಿ ವೇಗ ಪಡೆದು ಬಡಿಯುತ್ತದೆ. ಪರಿಹಾರ: ಗಟ್ಟಿ ಫೋಮನ್ನು 3 ಮಿ.ಮೀ. ಪದರಗಳಾಗಿ ಕತ್ತರಿಸಿ, ಒಂದೊಂದಾಗಿ ಕೋಂಬಿನ ಮೇಲೆ ಟೇಪಿನಿಂದ ಕಟ್ಟುತ್ತಾ ಹೋಗಿ. ಹಿಂದೆ ಒಂದು ಪದರ ಹೆಚ್ಚು ಇಟ್ಟರೆ ಇಳಿಜಾರು ಸಮವಾಗುತ್ತದೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ತಲೆ ಎತ್ತದೆ, ಒತ್ತದೆ ಸ್ಕೋಪಿನ ಪೂರ್ತಿ ವೃತ್ತ ಕಂಡರೆ ಎತ್ತರ ಸರಿ. ಆ ಎತ್ತರಕ್ಕೆ ಬೋಲ್ಟ್ ಹಿಂದಕ್ಕೆ ಎಳೆಯಲು ಬರುತ್ತದೆಯೇ ಎಂದು ನೋಡಿದ ಮೇಲಷ್ಟೇ ಶಾಶ್ವತವಾದ ಕೆನ್ನೆಪಟ್ಟಿ ಕೂರಿಸಿ.

ಪ್ರಶ್ನೆ: ಬಟ್‌ಗೆ ಒಂದಿಂಚಿನ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿದೆ. ಆದರೂ ಕಂಕುಳ ಹತ್ತಿರ ಪ್ರತಿ ಸಲ ನೀಲಿಗಟ್ಟುತ್ತದೆ. ಇನ್ನೂ ದಪ್ಪ ಪ್ಯಾಡ್ ಬೇಕೇ?

ಉತ್ತರ: ಬೇಡ. ಕಲೆ ಎಲ್ಲಿ ಬಿದ್ದಿದೆ ಎಂದು ನೀವೇ ಬರೆದಿದ್ದೀರಿ, ಉತ್ತರ ಅದರಲ್ಲೇ ಇದೆ. ಕೆಳಗೆ, ಕಂಕುಳ ಕಡೆ ಬೊಟ್ಟಿನಗಲ ನೀಲಿ ಕಲೆ ಎಂದರೆ ಬಟ್ ಪೂರ್ತಿಯಾಗಿ ಕೂರುತ್ತಿಲ್ಲ, ಟೋ ಒಂದೇ ಚುಚ್ಚುತ್ತಿದೆ. ಇದು ಪಿಚ್‌ನ ದೋಷ. ಪಿಚ್ ಎಂದರೆ ನಳಿಗೆಯ ಗೆರೆಗೆ ಬಟ್‌ನ ಮುಖ ಎಷ್ಟು ಓರೆಯಾಗಿದೆ ಎಂಬುದು.

ಸ್ಕೋಪ್ ತೆಗೆದು, ಬಟ್‌ನ ಮುಖ ಪೂರ್ತಿ ನೆಲಕ್ಕೆ ತಾಗುವಂತೆ ರೈಫಲನ್ನು ಗೋಡೆಗೆ ನಿಲ್ಲಿಸಿ. ಚೇಂಬರ್ ಇರುವ ಭಾಗದ ಮೇಲ್ಮೈ ಗೋಡೆಗೆ ತಾಗಿರಲಿ. ಆಗ ಮೂತಿ ಗೋಡೆಯಿಂದ ಸುಮಾರು 50 ಮಿ.ಮೀ. ಮುಂದೆ ನಿಲ್ಲಬೇಕು, ಅದು ನಾಲ್ಕು ಡಿಗ್ರಿ ಚಿಲ್ಲರೆ ಓರೆ. ನಳಿಗೆ ಸಣ್ಣಗಾಗುವ ಲೆಕ್ಕಕ್ಕೆ ಕೆಲವು ಮಿ.ಮೀ. ಬಿಟ್ಟುಬಿಡಿ. ಮೂತಿಯೂ ಗೋಡೆಗೆ ಅಂಟಿ ನಿಂತರೆ ಓರೆ ಇಲ್ಲವೇ ಇಲ್ಲ. ಅಂಥ ಬಟ್ ಒದೆತಕ್ಕೆ ಭುಜದಿಂದ ಕೆಳಕ್ಕೆ ಜಾರುತ್ತದೆ, ಟೋ ಮೊದಲು ತಾಗುತ್ತದೆ. ಓರೆ ಅತಿಯಾದರೆ ಉಲ್ಟಾ, ಬಟ್ ಮೇಲಕ್ಕೆ ಜಾರಿ ಕೋಂಬನ್ನು ಕೆನ್ನೆಗೆ ಎತ್ತುತ್ತದೆ.

ಸರಿಪಡಿಸುವುದು ಸುಲಭ. ಪ್ಯಾಡಿನ ಮೇಲಿನ ಸ್ಕ್ರೂ ಸಡಿಲಿಸಿ ಹೀಲ್ ಕಡೆ 3 ಮಿ.ಮೀ. ದಪ್ಪದ ವಾಷರ್ ಇಡಿ. ಎರಡು ಸ್ಕ್ರೂಗಳ ನಡುವೆ 80 ಮಿ.ಮೀ. ಇರುವುದರಿಂದ ಓರೆ ಎರಡು ಡಿಗ್ರಿ ಬದಲಾಗುತ್ತದೆ. ಐದು ಗುಂಡು ಹಾರಿಸಿ ನೋಡಿ. ಸರಿಹೋದರೆ ವಾಷರ್ ಜಾಗಕ್ಕೆ ಅದೇ ದಪ್ಪದ ಬೆಣೆಯಾಕಾರದ ಪ್ಲಾಸ್ಟಿಕ್ ಪಟ್ಟಿ ಮಾಡಿಸಿ ಹಾಕಿ. ಎದೆ ತುಂಬಿದ ಮೈಕಟ್ಟಿನವರಿಗೆ, ವಿಶೇಷವಾಗಿ ಹೆಂಗಸರಿಗೆ, ಓರೆ ಇನ್ನೂ ತುಸು ಹೆಚ್ಚು ಬೇಕಾಗುತ್ತದೆ. ಬಲಗೈಯವರಾದರೆ ಟೋ ತುಸು ಬಲಕ್ಕೆ ಹೊರಳಿದ್ದರೆ ಇನ್ನೂ ಒಳ್ಳೆಯದು. ಬಹುತೇಕ ಸ್ಟಾಕ್‌ಗಳನ್ನು ಗಂಡಸರ ಎದೆಯ ಅಳತೆಗೇ ಮಾಡಿರುತ್ತಾರೆ ಎಂಬುದನ್ನು ಮರೆತು, ಹೆಂಗಸರಿಗೆ ಒದೆತ ತಡೆಯುವ ತಾಕತ್ತಿಲ್ಲ ಎನ್ನುವುದು ಅನ್ಯಾಯ.

ಪ್ಯಾಡ್ ಬಗ್ಗೆಯೂ ಒಂದು ಮಾತು. 20 ಜೂಲನ್ನು 1 ಸೆಂ.ಮೀ.ನಲ್ಲಿ ನಿಲ್ಲಿಸಲು ಸರಾಸರಿ 2,000 ನ್ಯೂಟನ್ ಬಲ ಬೇಕು, 2 ಸೆಂ.ಮೀ.ನಲ್ಲಾದರೆ 1,000 ಸಾಕು. ಭುಜವೂ ಹಿಂದೆ ಸರಿಯುವುದರಿಂದ ನಿಜದ ಪೆಟ್ಟು ಇದಕ್ಕಿಂತ ಕಡಿಮೆ, ಆದರೂ ಪ್ಯಾಡ್ ಮಾಡುವ ಕೆಲಸ ಇದೇ. ಹತ್ತಿಯಂತೆ ಮೆತ್ತಗಿರುವ ಪ್ಯಾಡ್ ಅರ್ಧ ಒದೆತಕ್ಕೇ ಪೂರ್ತಿ ಅಮುಕಿಹೋಗಿ, ಉಳಿದರ್ಧ ನೇರ ಮರದ ಪೆಟ್ಟಾಗುತ್ತದೆ. ಹಳೆಯ ರಬ್ಬರಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಗುರುತು ಕೂಡ ಬೀಳದಿದ್ದರೆ ಅದು ಪ್ಯಾಡ್ ಅಲ್ಲ, ಕಲ್ಲು. ಮತ್ತೆ, ನೋವಿಗೆ ಹೆದರಿ ಬಟ್ಟನ್ನು ಭುಜದಿಂದ ಅರ್ಧ ಇಂಚು ದೂರ ಹಿಡಿಯುವವರಿದ್ದಾರೆ. ಹಾಗೆ ಹಿಡಿದರೆ ರೈಫಲ್ ಪೂರ್ತಿ 3.3 ಮೀಟರ್ ವೇಗ ಪಡೆದು ಬಂದು ಗುದ್ದುತ್ತದೆ. ಕತ್ತಿನ ಮೂಳೆ ಮತ್ತು ತೋಳಿನ ಕೀಲಿನ ನಡುವಿನ ಕುಳಿಯಲ್ಲಿಟ್ಟು ಹಿಂದಕ್ಕೆ ಎಳೆದುಕೊಳ್ಳಿ.

ಪ್ರಶ್ನೆ: ಲೀ-ಎನ್‌ಫೀಲ್ಡ್ .303 ಉದ್ದ ರೈಫಲ್ ಹಾಯಾಗಿ ಹೊಡೆಯುತ್ತೇನೆ. ಅದೇ ತೋಟಾ ಹಾಕುವ ನಂ. 5 ಜಂಗಲ್ ಕಾರ್ಬೈನ್ ಹತ್ತು ಗುಂಡಿಗೇ ಸಾಕುಸಾಕು ಮಾಡುತ್ತದೆ. ತೂಕ ಕಡಿಮೆ ಎಂಬುದೊಂದೇ ಕಾರಣವೇ?

ಉತ್ತರ: ತೂಕವೂ ಹೌದು, ಆದರೆ ಅದು ಅರ್ಧ ಕಥೆ. ಉದ್ದದ ನಂ. 4 ರೈಫಲ್ ಸುಮಾರು 4 ಕಿಲೋ, ನಂ. 5 ಸುಮಾರು 3.2 ಕಿಲೋ. ಅದೇ 174 ಗ್ರೇನ್ ಗುಂಡಿಗೆ ಲೆಕ್ಕ ಹಾಕಿದರೆ ಒದೆತದ ಶಕ್ತಿ 16 ಜೂಲ್‌ನಿಂದ 20ಕ್ಕೆ ಏರುತ್ತದೆ. ಕಾಲು ಭಾಗದಷ್ಟು ಹೆಚ್ಚು. ಅದೊಂದರಿಂದಲೇ ಭುಜ ಹಣ್ಣಾಗುವುದಿಲ್ಲ.

ಬಟ್ ತಿರುಗಿಸಿ ನೋಡಿ. 1944ರಲ್ಲಿ ಬಂದ ಈ ಕಾರ್ಬೈನಿಗೆ ಒದೆತ ತಗ್ಗಿಸಲೆಂದೇ ರಬ್ಬರ್ ಪ್ಯಾಡ್ ಕೊಟ್ಟರು, ಆದರೆ ಆ ಪ್ಯಾಡ್ ಸ್ಟಾಕಿಗಿಂತ ಕಿರಿದು. ನಂ. 4ರ ಲೋಹದ ಪಟ್ಟಿ ಗಟ್ಟಿಯಾದರೂ ಬಟ್‌ನ ಅಗಲಕ್ಕೂ ಹರಡಿದೆ, ನಂ. 5ರಲ್ಲಿ ಹೆಚ್ಚಿನ ಒದೆತ ಕಡಿಮೆ ಜಾಗದಲ್ಲಿ ಇಳಿಯುತ್ತದೆ. ಇಷ್ಟು ವರ್ಷಕ್ಕೆ ಆ ರಬ್ಬರ್ ಗಟ್ಟಿಯಾಗಿಯೂ ಇರುತ್ತದೆ. ಮೂತಿಯ ಕಹಳೆಯಾಕಾರದ ಭಾಗ ಬೆಂಕಿಯ ಹೊಳಪು ಮರೆಸಲು ಇರುವುದು, ಅದರಿಂದ ಒದೆತ ಕಡಿಮೆಯಾಗದು. ಮೂಲ ಮರಕ್ಕೆ ಗರಗಸ ಹಚ್ಚಬೇಡಿ. ಬಟ್ ಮೇಲೆ ಟೋಪಿಯಂತೆ ಏರಿಸುವ ಅಗಲವಾದ ರಬ್ಬರ್ ಕವಚ ಹಾಕಿ. ಪುಲ್ 20 ಮಿ.ಮೀ. ಹೆಚ್ಚುತ್ತದೆ, ಮಧ್ಯಮ ಎತ್ತರದವರಿಗೆ ಸಾಮಾನ್ಯವಾಗಿ ಅಡ್ಡಿಯಾಗದು.

ಲೀ-ಎನ್‌ಫೀಲ್ಡ್ ಮಾಡಿದವರು ಒಂದು ವಿಷಯದಲ್ಲಿ ಬಹಳ ಬುದ್ಧಿವಂತರು. ಬಟ್ ಬೇರೆ ತುಂಡು, ಒಳಗಿನ ಉದ್ದ ತಿರುಪು ಬೋಲ್ಟಿನಿಂದ ಬಿಗಿದದ್ದು. ಸೈನಿಕರ ಮೈಗೆ ತಕ್ಕಂತೆ ಅರ್ಧ ಅರ್ಧ ಇಂಚು ವ್ಯತ್ಯಾಸದಲ್ಲಿ ನಾಲ್ಕು ಉದ್ದದ ಬಟ್ ಮಾಡಿದ್ದರು: ಲಾಂಗ್, ನಾರ್ಮಲ್, ಶಾರ್ಟ್, ಬ್ಯಾಂಟಮ್. ಮರದ ಮೇಲೆ ‘ಎಲ್’, ‘ಎಸ್’, ‘ಬಿ’ ಎಂಬ ಅಚ್ಚು ಇದೆಯೇ ನೋಡಿ. ಒಂದು ರೈಫಲ್ ಹಿತವಾಗಿ, ಇನ್ನೊಂದು ಅಹಿತವಾಗಿ ಇರುವುದಕ್ಕೆ ಇದೂ ಕಾರಣವಾಗಿರಬಹುದು.

ಪ್ರಶ್ನೆ: ಟ್ರಿಗರ್ ಮೇಲೆ ಬೆರಳಿಟ್ಟಾಗ ಬಟ್ ಮೊಣಕೈ ಮಡಿಕೆಗೆ ತಾಗಿದರೆ ಪುಲ್ ಸರಿ ಎನ್ನುತ್ತಾರೆ. ನನಗೆ ಹಾಗೆ ತಾಗುತ್ತದೆ, ಆದರೂ ಸ್ಕೋಪ್ ಹುಬ್ಬಿಗೆ ಬಡಿಯಿತು.

ಉತ್ತರ: ಮೊಣಕೈ ಲೆಕ್ಕ ಒರಟು ಅಂದಾಜು. ಕತ್ತಿನ ಉದ್ದ, ಎದೆಯ ದಪ್ಪ, ತೊಟ್ಟ ಬಟ್ಟೆ ಯಾವುದೂ ಅದರಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ರೈಫಲ್ ಪುಲ್ ಹದಿಮೂರೂವರೆ ಇಂಚಿನ ಸುತ್ತ ಇರುತ್ತದೆ. ನಿಮ್ಮದನ್ನು ಹೀಗೆ ನೋಡಿ: ಬೇಟೆಗೆ ಅಥವಾ ರೇಂಜಿಗೆ ತೊಡುವ ಬಟ್ಟೆಯಲ್ಲೇ ನಿಂತು, ಖಾಲಿ ರೈಫಲ್ ಭುಜಕ್ಕೇರಿಸಿ, ಕೆನ್ನೆ ಇಡಿ. ಹೆಬ್ಬೆರಳ ಬುಡಕ್ಕೂ ಮೂಗಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ಕಡಿಮೆಯಿದ್ದರೆ ಪುಲ್ ಗಿಡ್ಡ, ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಂದು ಗುದ್ದುತ್ತದೆ. ಹೆಚ್ಚಿದ್ದು ಬಟ್ ಭುಜದ ಕುಳಿ ಬಿಟ್ಟು ತೋಳಿನ ಮೇಲೆ ಕೂರುತ್ತಿದ್ದರೆ ಉದ್ದ.

ಹುಬ್ಬಿಗೆ ಬಡಿದದ್ದಕ್ಕೆ ಸ್ಕೋಪ್ ಕೂರಿಸಿದ ಜಾಗವೂ ಕಾರಣ. ಹೆಚ್ಚಿನ ಸ್ಕೋಪ್‌ಗಳಿಗೆ ಕಣ್ಣಿನಿಂದ 90 ಮಿ.ಮೀ. ಅಂತರ ಬೇಕು. ನಿಂತು ಹೊಂದಿಸಿದರೆ ಮಲಗಿದಾಗ ಮುಖ ಮುಂದಕ್ಕೆ ಜಾರುತ್ತದೆ, ಏರು ದಿಕ್ಕಿಗೆ ಗುರಿಯಿಟ್ಟಾಗಲೂ ಹಾಗೆಯೇ. ಆದ್ದರಿಂದ ಮಲಗಿಕೊಂಡೇ ಹೊಂದಿಸಿ, ವೃತ್ತ ಪೂರ್ತಿ ಕಾಣುವ ಅತಿ ಮುಂದಿನ ಜಾಗದಲ್ಲಿ ರಿಂಗ್ ಬಿಗಿ ಮಾಡಿ.

ಪ್ರಶ್ನೆ: ಮರದ ಸ್ಟಾಕಿಗೆ 25 ಮಿ.ಮೀ. ಪ್ಯಾಡ್ ನಾನೇ ಹಾಕಬಹುದೇ?

ಉತ್ತರ: ಮರಗೆಲಸ ಬಲ್ಲವರಾದರೆ ಹಾಕಬಹುದು. ಈಗಿನ ಪ್ಲಾಸ್ಟಿಕ್ ಪಟ್ಟಿ 5 ಮಿ.ಮೀ. ಇದ್ದರೆ, ಪುಲ್ ಹಾಗೆಯೇ ಉಳಿಯಲು ಮರವನ್ನು 20 ಮಿ.ಮೀ. ಕೊಯ್ಯಬೇಕು. ಪುಲ್ ಗಿಡ್ಡವಿತ್ತು ಎಂದಾದರೆ ಅಷ್ಟು ಕಡಿಮೆ ಕೊಯ್ಯಿರಿ. ಕೊಯ್ಯುವ ಗೆರೆಯ ಸುತ್ತ ಎರಡು ಸುತ್ತು ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ, ಹಳೆಯ ಬಟ್‌ಗೆ ಸಮಾನಾಂತರವಾಗಿ ಅದರ ಮೇಲೆ ಗೆರೆ ಎಳೆಯಿರಿ; ಪಿಚ್ ಸರಿಯಿಲ್ಲದಿದ್ದರೆ ಈಗಲೇ ಓರೆ ಸರಿಪಡಿಸಿಕೊಳ್ಳಿ. ಸಣ್ಣ ಹಲ್ಲಿನ ಗರಗಸದಲ್ಲಿ ಹೀಲ್ ಕಡೆಯಿಂದ ಕೊಯ್ಯುತ್ತಾ ಬನ್ನಿ. ಕೊನೆಯ 5 ಮಿ.ಮೀ.ಗೆ ತಿರುಗಿಸಿ ಟೋ ಕಡೆಯಿಂದ ಕೊಯ್ಯಿರಿ, ಇಲ್ಲವಾದರೆ ಗರಗಸ ಹೊರಬರುವಾಗ ಅಂಚಿನ ಸಿಬರು ಹಾರಿಹೋಗುತ್ತದೆ.

ಹಳೆಯ ಸ್ಕ್ರೂ ತೂತು ಹೊಸದಕ್ಕೆ ತೀರ ಹತ್ತಿರ ಬಂದರೆ ಮರದ ಗೂಟಕ್ಕೆ ಎಪಾಕ್ಸಿ ಹಚ್ಚಿ ಮುಚ್ಚಿ, ಒಣಗಿದ ಮೇಲೆ ಹೊಸ ತೂತು ಕೊರೆಯಿರಿ. ಕೊಯ್ದ ಮುಖಕ್ಕೆ ಎರಡು ಕೈ ವಾರ್ನಿಷ್ ಹಚ್ಚುವುದನ್ನು ಮಾತ್ರ ಯಾರೂ ಬಿಡಬಾರದು. ಅಡ್ಡ ಕೊಯ್ದ ನಾರು ತೇವ ಕುಡಿದು ಊದಿಕೊಳ್ಳುತ್ತದೆ. ಪ್ಯಾಡಿನ ಮುಖದಲ್ಲಿ ಸ್ಕ್ರೂ ತೂರಿಸುವ ಸೀಳಿಗೂ ಸ್ಕ್ರೂಡ್ರೈವರ್ ತುದಿಗೂ ಸಾಬೂನು ಹಚ್ಚಿದರೆ ರಬ್ಬರ್ ಹರಿಯದು. ಹೆಚ್ಚಾಗಿ ಚಾಚಿರುವ ಪ್ಯಾಡನ್ನು ಟೇಪ್ ತಾಗುವವರೆಗೆ ಉಜ್ಜಿ ಸಮ ಮಾಡಿ. ಹೀಲ್ ಬಳಿ ಅಂಚನ್ನು ಗುಂಡಗೆ, ನುಣುಪಾಗಿ ಮಾಡಿ. ಇಲ್ಲವಾದರೆ ರೈಫಲ್ ಏರಿಸುವಾಗ ಅಂಗಿಗೆ ಸಿಕ್ಕಿಕೊಂಡು ಬಟ್ ಅರ್ಧ ಮಾತ್ರ ಕೂರುತ್ತದೆ.

ಪ್ರಶ್ನೆ: ಚಿಕ್ಕ ಮೈಕಟ್ಟಿನ ಹೊಸಬರಿಗೆ 2.7 ಕಿಲೋದ ಹಗುರ .308 ಒಳ್ಳೆಯದೇ? ಎತ್ತಲು ಸುಲಭ.

ಉತ್ತರ: ಎತ್ತಲು ಸುಲಭ, ಹೊಡೆಯಲು ಕಷ್ಟ. ಮೇಲಿನ ಲೆಕ್ಕವನ್ನೇ 2.7ಕ್ಕೆ ಹಾಕಿ: 26 ಜೂಲ್. 3.4 ಕಿಲೋ ತೂಕದ .243ರಲ್ಲಿ ಅದು 12. ಮೊದಲ ಹತ್ತು ಗುಂಡಿನಲ್ಲೇ ಕಣ್ಣು ಮುಚ್ಚುವ, ಭುಜ ಮುಂದಕ್ಕೆ ಎಸೆಯುವ ಚಾಳಿ ಕಲಿತರೆ ಬಿಡಿಸುವುದು ಬಹಳ ಕಷ್ಟ. .22 ರಿಮ್‌ಫೈರ್‌ನಿಂದ ಆರಂಭಿಸಿ, ಆಮೇಲೆ ತೂಕವಿರುವ .243ಗೆ ಬನ್ನಿ. ಪುಲ್ ಗಿಡ್ಡ ಮಾಡಿಸಿದಾಗ ಕೊಯ್ದ ತುಂಡನ್ನು ಎಸೆಯಬೇಡಿ, ಬೆಳೆದಂತೆ ಪ್ಯಾಡಿನ ಹಿಂದೆ ಮತ್ತೆ ಸೇರಿಸಬಹುದು.

ಪ್ರಶ್ನೆ: ನಿಂತು ಹೊಡೆದರೆ ಏನೂ ಅನಿಸದ ರೈಫಲ್ ಮೇಜಿನ ಮೇಲಿಟ್ಟು ಹೊಡೆದರೆ ನೋಯಿಸುತ್ತದೆ, ಏಕೆ?

ಉತ್ತರ: ನಿಂತಾಗ ಸೊಂಟದಿಂದ ಮೇಲಿನ ಮೈ ತೂಗುಯ್ಯಾಲೆಯಂತೆ ಹಿಂದಕ್ಕೆ ಹೋಗುತ್ತದೆ. ಮೇಜಿಗೆ ಬಾಗಿದಾಗ ಅದು ಹೋಗದು, ಬಟ್ ಕೂಡ ಕುಳಿ ಬಿಟ್ಟು ಕತ್ತಿನ ಮೂಳೆಯ ಮೇಲೇರುತ್ತದೆ. ಮರಳು ಚೀಲ ಎತ್ತರಿಸಿ, ಬೆನ್ನು ನೇರವಾಗಿಟ್ಟು ಕೂರಿ. ಸೈಟ್ ಹೊಂದಿಸುವಾಗ ಮಾತ್ರ ಭುಜಕ್ಕೂ ಬಟ್‌ಗೂ ನಡುವೆ ಎರಡು ಕಿಲೋದಷ್ಟು ಸೀಸದ ಚರೆ ತುಂಬಿದ ಚೀಲ ಇಡಬಹುದು. ರೈಫಲನ್ನು ಭಾರದ ಚೌಕಟ್ಟಿಗೆ ಕಟ್ಟಿ ಹಾಕಿ ಹೊಡೆಯುವ ಸ್ಟ್ಯಾಂಡ್‌ಗಳ ಬಗ್ಗೆ ಎಚ್ಚರ. ಹಿಂದೆ ಸರಿಯಲು ಬಿಡದಿದ್ದರೆ ಆ ಬಲವನ್ನೆಲ್ಲ ಸ್ಟಾಕಿನ ಕತ್ತು ಮತ್ತು ಸ್ಕೋಪ್ ನುಂಗಬೇಕಾಗುತ್ತದೆ, ಮರ ಸೀಳುವುದೂ ಉಂಟು.

ಪ್ರಶ್ನೆ: ಎಂ16 ಥರದ ರೈಫಲ್‌ನಲ್ಲಿ ಮೂತಿ ಏಳುವುದೇ ಇಲ್ಲವಂತೆ, ಸ್ಟಾಕಿನ ಮಹಿಮೆಯೇ?

ಉತ್ತರ: ಏಳುತ್ತದೆ, ಬಹಳ ಕಡಿಮೆ. ಬಟ್ ನಳಿಗೆಯ ಗೆರೆಯಲ್ಲೇ ಹಿಂದಕ್ಕೆ ಸಾಗಿದೆ. ಕಣ್ಣು ಅಷ್ಟು ಕೆಳಗಿಳಿಯದ ಕಾರಣ ಸೈಟನ್ನು ಎತ್ತರಕ್ಕೆ ಏರಿಸಿದ್ದಾರೆ. ತೋಟಾವೂ ಚಿಕ್ಕದು ಎಂಬುದನ್ನು ಸೇರಿಸಿ. ಅದಕ್ಕೂ ಮುಂಚಿನ ಎಂ14 ಬಾಗಿದ ಮರದ ಸ್ಟಾಕಿನದು, 7.62 ತೋಟಾದ್ದು, ಒಂದೇ ಸಮನೆ ಸಿಡಿಸಿದರೆ ಮೂತಿ ಆಕಾಶಕ್ಕೆ ಏರುತ್ತಿತ್ತು. ಅದಕ್ಕೆ ಉತ್ತರವಾಗಿ ಮಾಡಿದ ಎಂ14ಇ2 ಮಾದರಿಗೆ ನೇರ ಸ್ಟಾಕ್ ಹಾಕಿದರು.

ಪ್ರಶ್ನೆ: ಟ್ರಿಗರ್ ಗಾರ್ಡ್ ನಡುಬೆರಳಿಗೆ ಬಡಿದು ಊದಿಕೊಳ್ಳುತ್ತದೆ.

ಉತ್ತರ: ಹಿಡಿ ಸಡಿಲವಾಗಿದೆ, ಅಥವಾ ಹಿಡಿಯ ಬಾಗು ಗಾರ್ಡಿಗೆ ತೀರ ಹತ್ತಿರವಿದೆ. ಕೈಯನ್ನು 5 ಮಿ.ಮೀ. ಹಿಂದಕ್ಕೆ ಸರಿಸಿ ಬಿಗಿಯಾಗಿ ಹಿಡಿಯಿರಿ. ಅಷ್ಟಕ್ಕೂ ನಿಲ್ಲದಿದ್ದರೆ ಗಾರ್ಡಿನ ಹಿಂಬದಿಗೆ ರಬ್ಬರ್ ತುಂಡು ಅಂಟಿಸಿ.

ಪ್ರಶ್ನೆ: ಇದೆಲ್ಲದರ ಬದಲು ಮಜಲ್ ಬ್ರೇಕ್ (ಮೂತಿಯಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಸಾಧನ) ಹಾಕಿಸಿದರೆ ಆಗದೇ?

ಉತ್ತರ: ಒದೆತವನ್ನು ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಸುತ್ತದೆ. ಆದರೆ ಸಿಡಿತದ ಸದ್ದನ್ನು ನಿಮ್ಮ ಮತ್ತು ಪಕ್ಕದವರ ಕಿವಿಯ ಕಡೆಗೇ ತಿರುಗಿಸುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಕಡ್ಡಾಯ. ಬೆಚ್ಚಿಬೀಳುವ ಚಾಳಿ ಅನೇಕರಿಗೆ ಬರುವುದು ಸದ್ದಿನಿಂದಲೇ ಹೊರತು ಪೆಟ್ಟಿನಿಂದಲ್ಲ, ಆದ್ದರಿಂದ ನಮ್ಮ ಸಲಹೆ: ಮೊದಲು ಸ್ಟಾಕ್ ಮೈಗೆ ಹೊಂದಿಸಿ, ಬ್ರೇಕ್ ಕೊನೆಗೆ.

ಪ್ರಶ್ನೆ: ಬೋಲ್ಟ್ ಹಿಂದೆ, ಟ್ಯಾಂಗ್ (ಲೋಹದ ಭಾಗದ ನಾಲಿಗೆಯಂಥ ಹಿಂತುದಿ) ಮುಗಿಯುವಲ್ಲಿ ಮರದಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತಿದೆ. ಈಚೆಗೆ ಒದೆತವೂ ಎರಡು ಸಲ ತಟ್ಟಿದಂತೆ ಆಗುತ್ತದೆ.

ಉತ್ತರ: ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಒದೆತವನ್ನು ಮರಕ್ಕೆ ದಾಟಿಸಬೇಕಾದದ್ದು ರಿಕಾಯಿಲ್ ಲಗ್, ಅಂದರೆ ಲೋಹದ ಭಾಗದ ಕೆಳಗೆ ಮರದೊಳಕ್ಕೆ ಚಾಚಿರುವ ಗಟ್ಟಿ ತುಂಡು. ಅದರ ಹಿಂದಿನ ಮರ ಅಮುಕಿ ಸಂದಿ ಬಿಟ್ಟಿರುವುದರಿಂದ ಕಬ್ಬಿಣ ಮೊದಲು ಸಂದಿಯಲ್ಲಿ ಜಾರುತ್ತದೆ, ಆಮೇಲೆ ಮರಕ್ಕೆ ಬಡಿಯುತ್ತದೆ. ಎರಡು ತಟ್ಟು ಅದೇ. ಹಾಗೆ ಜಾರುವಾಗ ಟ್ಯಾಂಗ್ ಉಳಿಯಂತೆ ಮರವನ್ನು ಸೀಳುತ್ತಿದೆ. ಸೀಳನ್ನು ತುಸು ಅಗಲಿಸಿ ತೆಳು ಎಪಾಕ್ಸಿ ಇಳಿಸಿ, ಬಿಗಿದು ಒಂದು ದಿನ ಬಿಡಬೇಕು. ಲಗ್‌ನ ಹಿಂಭಾಗಕ್ಕೆ ಗ್ಲಾಸ್ ಬೆಡ್ಡಿಂಗ್ (ಗಟ್ಟಿಯಾಗುವ ಎಪಾಕ್ಸಿಯ ಹಾಸು) ಹಾಕಿ ಪೂರ್ತಿ ತಾಗುವಂತೆ ಮಾಡಬೇಕು. ಟ್ಯಾಂಗ್ ಹಿಂದೆ ಅರ್ಧದಿಂದ ಒಂದು ಮಿ.ಮೀ. ಸಂದಿ ಬಿಡಬೇಕು, ಅಲ್ಲಿ ಮರಕ್ಕೆ ಕಬ್ಬಿಣ ತಾಗಲೇಕೂಡದು. ಇದು ಪರವಾನಗಿ ಇರುವ ಗನ್‌ಸ್ಮಿತ್ ಮಾಡುವ ಕೆಲಸ. ರೈಫಲ್ ವಾಪಸ್ ಬಂದಾಗ ಆ ಸಂದಿಯಲ್ಲಿ ದಪ್ಪ ಕಾಗದದ ಚೂರು ಸಲೀಸಾಗಿ ಓಡಾಡುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ.